ವೇದಿಯಿಂದ ಕೆಳಗಿಳಿದ ಜಿಜಾಬಾಯಿ

ಬಾಗಿಲಿಗೆ ಬಂದವರು ‘ಪಾಸ್ಟರ್ ಸಾಹೇಬ್ರು ಅದಾರೇನ್ರಿ?’ ಎಂದು ಕೇಳಿದರೆ ಜಿಜಾಬಾಯಿಯವರು ‘ಅದಾರ್ರಿ, ಒಳಗ ಬರ್ರಿ’ ಎಂದು ಕರೆದು, ಕುರ್ಚಿಯ ಧೂಳನ್ನು ಸೆರಗಿನಿಂದಲೇ ಒರೆಸಿ, ತಂಬಿಗೆಯಲ್ಲಿ ನೀರು ತಂದಿಟ್ಟು, ಎದುರಿಗೆ ಮಣೆ ಎಳೆದುಕೊಂಡು ಕುಳಿತು ‘ಹೇಳ್ರಿ’ ಎನ್ನುತ್ತಿದ್ದರು. ಬಂದವರು ಹೇಳುತ್ತಿರಲಿಲ್ಲ. ಪಾಸ್ಟರ್ ಎಂದರೆ ಗಂಡಸೇ ಇರಬೇಕು, ಈಕೆ ಆತನ ಮನೆಯಾಕೆ ಇರಬೇಕು ಎಂದುಕೊಂಡು ಒಳಕೋಣೆಯ ಪರದೆಯತ್ತ ಕಣ್ಣು ನೆಟ್ಟು ಕಾಯುತ್ತಿದ್ದರು. ಸಂಜೆ ಅವರ ಪತಿ ಉತ್ತಮ, ಕರೆಂಟಿನ ಇಲಾಖೆಯ ಲೈನ್‌ಮನ್, ಹಳ್ಳಿಖೇಡದ ಕಡೆಯ ಕೆಲಸ ಮುಗಿಸಿ ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತು ಬಂದೊಡನೆ, ಕಾದವರು ದಿಗ್ಗನೆ ಎದ್ದು ಕೈಮುಗಿದು ತಮ್ಮ ಸಂಕಟವನ್ನೆಲ್ಲ ಆತನ ಮುಂದೆ ಸುರಿಯುತ್ತಿದ್ದರು. ಉತ್ತಮ ಅದಕ್ಕೆ ಒಗ್ಗಿಹೋಗಿದ್ದ. ‘ಕರೆಂಟ್ ಹೋದ್ರ ನನಗ ಹೇಳ್ರಿ. ಉಳಿದದ್ದೆಲ್ಲ ಆಕಿಗೇ ಹೇಳಬೇಕ್ರಿ. ಪಾಸ್ಟರ್ ಆಕಿ’ ಎಂದು ಹೆಂಡತಿಯ ಕಡೆ ಕೈತೋರಿ ಕೈಕಾಲು ತೊಳೆಯಲು ಹೋಗುತ್ತಿದ್ದ.

ಮೊದಲೇ ಹೇಳಿಬಿಟ್ಟರೆ ಆಗದೆ ಎಂದು ನಾನೊಮ್ಮೆ ಜಿಜಾಬಾಯಿಯವರನ್ನು ಕೇಳಿದ್ದೆ. ‘ಅವ್ರು ತಮ್ಮ ದುಃಖ ಹೇಳಾಕ ಬಂದಿರ್ತಾರ. ನಾ ಯಾರು ಅಂತ ಹೇಳಾಕ ಸುರು ಮಾಡಿದ್ರ ಅವ್ರ ದುಃಖ ಹಿಂದ ಬೀಳ್ತದ, ನನಗ ತಿಳಿದಷ್ಟು’ ಎಂದರು.

ಈ ‘ನನಗ ತಿಳಿದಷ್ಟು’ ಎಂಬುದು ಅವರ ಮಾತಿನ ಬಾಲ. ಪ್ರಸಂಗಪೀಠದಲ್ಲಿ ನಿಂತು ಪರಲೋಕದ ವಿಷಯ ಹೇಳುವಾಗಲೂ, ಹುಮನಾಬಾದಿನ ಸಂತೆಯಲ್ಲಿ ಬದನೆಕಾಯಿ ಹುಳುಕಾಗಿದೆ ಎಂದು ವಾದಿಸುವಾಗಲೂ ಅದು ವಾಕ್ಯದ ಕೊನೆಗೆ ಬಂದು ಕೂರುತ್ತಿತ್ತು. ‘ಇವತ್ತ ರವಿವಾರ, ನನಗ ತಿಳಿದಷ್ಟು’ ಎಂದು ಒಮ್ಮೆ ಆರಾಧನೆಯನ್ನೇ ಆರಂಭಿಸಿ ಇಡೀ ಸಭೆಯನ್ನು ನಗಿಸಿದ್ದರು. ಎಲ್ಲರಿಗಿಂತ ಹೆಚ್ಚು ಹೊತ್ತು ತಾವೇ ನಕ್ಕಿದ್ದರು.

ಗಿಡ್ಡ ಶರೀರ, ಬಲಕ್ಕೆ ತುಸು ವಾಲಿದ ನಡಿಗೆ. ಮೂವತ್ತು ವರ್ಷಗಳಿಂದ ಬಲಹೆಗಲಿಗೆ ಜೋತುಬಿದ್ದ ಚೀಲ, ಅದರೊಳಗಿನ ಪವಿತ್ರ ಗ್ರಂಥ, ಕೀರ್ತನೆಗಳ ಪುಸ್ತಕ, ಸ್ಟೀಲಿನ ನೀರಿನ ಬಾಟಲಿ ಸೇರಿ ಆ ದೇಹವನ್ನು ಹಾಗೆ ವಾಲಿಸಿದ್ದವು. ಆರಾಧನೆಗೆ ತೊಡುವ ಬಿಳಿಯ ನಿಲುವಂಗಿ ಹುಮನಾಬಾದಿನ ನಿವೃತ್ತ ಸಭಾಪಾಲಕರೊಬ್ಬರು ಕೊಟ್ಟದ್ದು. ಆ ಹಿರಿಯರು ಆಜಾನುಬಾಹು. ಆದ್ದರಿಂದ ತೋಳುಗಳನ್ನು ಎರಡು ಮಡಿಕೆ ಮಡಚಿ, ಅಂಚನ್ನು ಒಂದು ಗೇಣು ಮೇಲೆತ್ತಿ ಕೈಯಿಂದಲೇ ಹೊಲಿಗೆ ಹಾಕಿಕೊಂಡಿದ್ದರು. ಹೊಸದು ಹೊಲಿಸಿಕೊಡುತ್ತೇವೆಂದು ಸಭೆಯವರು ಎರಡು ಸಲ ದರ್ಜಿಯನ್ನು ಅಳತೆಗೆ ಕಳಿಸಿದರು. ಎರಡು ಸಲವೂ ದರ್ಜಿ ಚಹಾ ಕುಡಿದು, ಅಳತೆಪಟ್ಟಿಯನ್ನು ಬಿಚ್ಚದೆ ಹಿಂತಿರುಗಿದ. ಕಾರು ಕಳಿಸಿದರೆ ಅದು ಬರುವುದರೊಳಗೆ ಇವರು ಬಸ್ಸು ಹತ್ತಿರುತ್ತಿದ್ದರು. ಯಾರ ಮನೆಗೆ ಹೋದರೂ ಕುಡಿದ ಕಪ್ಪನ್ನು ತಾವೇ ತೊಳೆದಿಟ್ಟು ಬರುತ್ತಿದ್ದರು. ಬೇಡವೆಂದು ಕಪ್ಪು ಕಸಿಯಹೋದ ಮನೆಯೊಡತಿಯರೊಡನೆ ಬಚ್ಚಲಲ್ಲಿ ಜಗ್ಗಾಟವೇ ನಡೆದದ್ದುಂಟು.

ಇದನ್ನೆಲ್ಲ ಕಂಡು ನಾನು ಬಹಳ ದಿನ ಬೆರಗಾಗಿದ್ದೆ. ಆದರೆ ಇಂದು ಅವರನ್ನು ನೆನೆದಾಗ ನನ್ನ ಎದೆ ಹೆಮ್ಮೆಯಿಂದ ತುಂಬುವುದು ಬೇರೊಂದು ಕಾರಣಕ್ಕೆ. ಕಪ್ಪು ತೊಳೆಯುವ ವಿನಯಕ್ಕೆ ಮೆಚ್ಚುಗೆಯ ಕೂಲಿ ನಿಂತ ಜಾಗದಲ್ಲೇ ಸಿಗುತ್ತದೆ. ಈ ಮಾತನ್ನು ಆಮೇಲೆ ಅವರೇ ನನಗೆ ಹೇಳಿದರು. ಹೇಳುವ ಹೊತ್ತಿಗೆ ಇನ್ನೊಂದು ಬಗೆಯ ವಿನಯದ ಬೆಲೆಯನ್ನು ತೆತ್ತಿದ್ದರು.

ಏಳು ವರ್ಷ ಹುಮನಾಬಾದಿನಲ್ಲಿ ಸೇವೆ ಮಾಡಿದ ಬಳಿಕ ಅವರಿಗೆ ಬಸವಕಲ್ಯಾಣದ ಚರ್ಚಿನ ಸಭೆಗೆ ವರ್ಗವಾಯಿತು. ಆ ಸಭೆಗೆ ಹೆಣ್ಣುಮಗಳೊಬ್ಬಳು ಪಾಲಕಿಯಾಗಿ ಬಂದದ್ದು ಅದೇ ಮೊದಲು. ಸಭೆಯ ಹಿರಿಯರಲ್ಲಿ ಮುಖ್ಯರಾದವರು ಗೋವರ್ಧನ ಮಾಸ್ತರರು. ನನಗೆ ಅಕ್ಷರ ಕಲಿಸಿದವರು. ನಲವತ್ತು ವರ್ಷ ಶಾಲೆಯಲ್ಲಿ ಬೆತ್ತ ಹಿಡಿದ ಕೈ. ನಿವೃತ್ತಿಯ ನಂತರವೂ ಆ ಬೆರಳುಗಳು ಹಾಗೆಯೇ ಮಡಚಿಕೊಂಡಿರುತ್ತಿದ್ದವು. ನಾನು ಆ ಸಭೆಗೆ ಸೇರಿದವನಲ್ಲ. ಮಾಸ್ತರರ ಮೇಲಿನ ಗೌರವದಿಂದ ಹಬ್ಬ ಹುಣ್ಣಿಮೆಗೆ ಹೋಗಿಬರುತ್ತಿದ್ದ ಕನ್ನಡ ಉಪನ್ಯಾಸಕ. ಜಿಜಾಬಾಯಿಯವರ ಪರಿಚಯ ಹುಮನಾಬಾದಿನಲ್ಲಿದ್ದಾಗಲೇ ಆಗಿತ್ತು. ಅವರನ್ನು ಒಳಗಿನಿಂದ ಬಲ್ಲವನಾದದ್ದು ಕಲ್ಯಾಣದಲ್ಲಿ.

ಹೆಣ್ಣು ಪಾಲಕಿಯ ಬಗ್ಗೆ ಮೊದಲ ವರ್ಷ ಯಾರೂ ಏನೂ ಎನ್ನಲಿಲ್ಲ. ಎರಡನೆಯ ವರ್ಷ ಪಿಸುಮಾತು ಹುಟ್ಟಿತು. ಬಾಯಾರು (ಸಭೆ ಅವರನ್ನು ಕರೆಯುತ್ತಿದ್ದದ್ದು ಹಾಗೆ) ಒಳ್ಳೆಯವರು, ಆದರೆ ಮೆದು. ಯಾರಿಗೂ ಒಂದು ಬಿರುಸು ಮಾತು ಆಡುವುದಿಲ್ಲ. ಹೀಗಾದರೆ ಸಭೆಯ ಶಿಸ್ತು ಉಳಿಯುವುದು ಹೇಗೆ ಎಂದು. ಈ ಮಾತು ಜಿಜಾಬಾಯಿಯವರ ಕಿವಿಗೂ ಬಿತ್ತು. ಹೊರಗೆ ನಕ್ಕರು. ಒಳಗೆ ಅದು ನಾಟಿತು.

ಆಗ ತೊಗರಿ ರಾಶಿಯ ದಿನಗಳು. ಗೋವರ್ಧನ ಮಾಸ್ತರರು ಒಂದು ಸಂಜೆ ಬಂದು ಕುಳಿತು, ಮುಡಬಿಯ ದ್ರೌಪತಿಯ ವಿಷಯ ಎತ್ತಿದರು. ದ್ರೌಪತಿ ಕೂಲಿ ಮಾಡುವ ವಿಧವೆ. ಪ್ರತಿ ರವಿವಾರ ಶೇರ್ ಆಟೋದಲ್ಲಿ ಒತ್ತಿಕೊಂಡು ಕಲ್ಯಾಣಕ್ಕೆ ಬರುವಳು. ಆಕೆಯ ಕಂಠ ಆ ಸಭೆಯ ಸಂಪತ್ತು. ಆಕೆ ಎತ್ತಿದ ಶ್ರುತಿಯನ್ನೇ ಉಳಿದವರು ಹಿಡಿಯುತ್ತಿದ್ದರು.

‘ಆಕಿ ಪ್ರತಿ ಗುರುವಾರ ದರ್ಗಾಕ್ಕ ಹೋಗ್ತಾಳಂತ್ರಿ ಬಾಯಾರ. ಮುಡಬಿ ಮಂದಿ ಕಣ್ಣಾರೆ ನೋಡ್ಯಾರ. ರವಿವಾರ ಇಲ್ಲಿ ಹಾಡೂದು, ಗುರುವಾರ ಅಲ್ಲಿ ಹರಕಿ ಹೊರೂದು. ಇದಕ್ಕ ನೀವೂ ಸುಮ್ಮನಿದ್ರ ಹ್ಯಾಂಗ್ರಿ?’

‘ನೀವೂ’ ಎಂಬುದರ ಕೊನೆಯ ಆ ಒಂದು ಅಕ್ಷರದ ಒತ್ತೇ ಸಾಕಾಯಿತು.

ಮರುವಾರ ತಿಂಗಳ ಮೊದಲ ರವಿವಾರ, ಪ್ರಭುವಿನ ಕಡೆಯ ಊಟವನ್ನು ನೆನೆಯುವ ಕರ್ತನ ಭೋಜನದ ದಿನ. ಸಭಿಕರು ವೇದಿಯ ಮುಂದಿನ ಮರದ ಕಟಕಟೆಗೆ ಬಂದು ಮಂಡಿಯೂರಿ ಬೊಗಸೆಯೊಡ್ಡುವರು. ಪಾಲಕಿ ಒಬ್ಬೊಬ್ಬರ ಕೈಗೂ ರೊಟ್ಟಿಯ ತುಣುಕು ಇಡುತ್ತ ಸಾಗುವರು. ದ್ರೌಪತಿಯ ಬೊಗಸೆಯ ಮುಂದೆ ಜಿಜಾಬಾಯಿಯವರ ಕೈ ನಿಂತಿತು.

‘ನಿನಗ ಇವತ್ತ ಇಲ್ಲ. ಗುರುವಾರಕ್ಕ ಒಂದು ಬಾಗಿಲು, ರವಿವಾರಕ್ಕ ಇನ್ನೊಂದು ಬಾಗಿಲು ನಡಿಯಂಗಿಲ್ಲ. ಯಾವ್ದು ಬೇಕು, ತೀರ್ಮಾನ ಮಾಡ್ಕೊಂಡು ಬಾ.’

ಎಲ್ಲರಿಗೂ ಕೇಳುವಂತೆ, ಸ್ಪಷ್ಟವಾಗಿ ಹೇಳಿದರು. ಆ ಮಾತಿನ ತುದಿಗೆ ಅಂದು ‘ನನಗ ತಿಳಿದಷ್ಟು’ ಬರಲಿಲ್ಲ. ದ್ರೌಪತಿಯ ಬೊಗಸೆ ಖಾಲಿಯಾಗಿಯೇ ಕೆಲವು ಕ್ಷಣ ಗಾಳಿಯಲ್ಲಿ ನಿಂತಿತ್ತು. ಬಳಿಕ ಎದ್ದಳು, ಕಾಲೂರಿದ ಸದ್ದೂ ಆಗದಂತೆ ಉದ್ದನೆಯ ನಡುದಾರಿಯನ್ನೆಲ್ಲ ದಾಟಿ ಹೊರಗೆ ನಡೆದಳು. ಮುಂದಿನ ಕೀರ್ತನೆಯನ್ನು ಯಾವ ಶ್ರುತಿಯಲ್ಲಿ ಎತ್ತಬೇಕೆಂದು ಯಾರಿಗೂ ತಿಳಿಯದೆ ಮೂರು ಕಡೆಯಿಂದ ಮೂರು ದನಿ ಎದ್ದವು.

ಆರಾಧನೆ ಮುಗಿದ ಮೇಲೆ ‘ಬಾಯಾರು ಖಡಕ್ ಅದಾರ’ ಎಂದು ಜನ ಮೆಚ್ಚಿ ಮಾತಾಡಿಕೊಂಡರು. ‘ಅವತ್ತ ನನಗ ಖುಷಿ ಆಗಿತ್ರಿ ಸರ’ ಎಂದು ಜಿಜಾಬಾಯಿಯವರು ಬಹಳ ದಿನಗಳ ನಂತರ ನನ್ನೆದುರು ಹೇಳಿದರು. ‘ಮನಿಗೆ ಹೋಗಿ ಹೊಟ್ಟಿ ತುಂಬ ಉಂಡೆ. ತಪ್ಪು ಮಾಡಿದ್ದಕ್ಕಿಂತ ಆ ಊಟ ನನಗ ಇವತ್ತಿಗೂ ಚುಚ್ಚತದ.’

ಮುಂದಿನ ಎರಡು ರವಿವಾರ ದ್ರೌಪತಿ ಬರಲಿಲ್ಲ. ಅದಾದ ಗುರುವಾರ, ಕಾಯಿಲೆ ಬಿದ್ದ ಸಭಿಕರೊಬ್ಬರನ್ನು ನೋಡಲೆಂದು ಜಿಜಾಬಾಯಿಯವರು ಮುಡಬಿಗೆ ಹೋದರು. ಬಸ್ಸಿಳಿದು ನಡೆಯುವಾಗ ಊರ ಹೊರಗಿನ ಸಣ್ಣ ದರ್ಗಾದ ಮುಂದೆ ದ್ರೌಪತಿ ಕಂಡಳು. ಆಕೆ ಒಳಗೆ ಹೋಗಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ, ಮಡಿಲಲ್ಲಿ ಇನ್ನಾರದೋ ಸವೆದ ಚಪ್ಪಲಿಗಳನ್ನಿಟ್ಟುಕೊಂಡು ಕುಳಿತಿದ್ದಳು. ಜಿಜಾಬಾಯಿಯವರನ್ನು ಕಂಡೂ ಏಳಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಮುದುಕಿಯೊಬ್ಬಳು ಗೋಡೆಯನ್ನು ಸವರಿಕೊಂಡು ಬಂದಳು. ದ್ರೌಪತಿ ಎದ್ದು, ಬಗ್ಗಿ, ಚಪ್ಪಲಿಗಳನ್ನು ಆಕೆಯ ಪಾದಕ್ಕೆ ತೊಡಿಸಿದಳು. ಮುದುಕಿ ಮುನ್ನಿ ಬೀ. ಒಂದು ಕಾಲಕ್ಕೆ ಊರ ಸೂಲಗಿತ್ತಿ, ಈಗ ಎರಡೂ ಕಣ್ಣು ಕಾಣದಾಕೆ.

‘ಯಾರವ್ವಾ ನಿಂತಾರ?’ ಎಂದು ಮುನ್ನಿ ಬೀ ಕೇಳಿದಳು. ದ್ರೌಪತಿ ಬಗ್ಗಿಕೊಂಡೇ ಚಪ್ಪಲಿಯ ಬಾರು ಸರಿಪಡಿಸುತ್ತಿದ್ದಳು. ಜಿಜಾಬಾಯಿಯವರೇ, ‘ಕಲ್ಯಾಣದಿಂದ ಬಂದೀನವ್ವ’ ಎಂದರು.

ಮುನ್ನಿ ಬೀಗೆ ಮಾತಾಡುವವರು ಸಿಕ್ಕರೆ ಸಾಕಿತ್ತು. ‘ನೋಡು ಬೇಟಿ, ನನ್ನ ಹೊಟ್ಟ್ಯಾಗ ಹುಟ್ಟಿದವ್ರು ಹೈದರಾಬಾದ್ ಸೇರ್‍ಯಾರ. ಈ ಪೋರಿ ಎರಡು ವರ್ಷದಿಂದ ಪ್ರತಿ ಜುಮೇರಾತ್ ಕೂಲಿ ಬಿಟ್ಟು ನನ್ನ ಕೈ ಹಿಡ್ಕೊಂಡು ಇಲ್ಲಿಗೆ ತರ್ತಾಳ. ಹೆರಿಗ್ಯಾಗ ಸಾಯಾಕ ಬಿದ್ದಿದ್ಳು, ನನ್ನ ಕೈಯಾಗ ಉಳದ್ಳು, ಅಷ್ಟ. ಅದನ್ನ ಇನ್ನಾ ನೆನಪು ಇಟ್ಕೊಂಡಾಳ. ಈಗ ಏನೋ, ಅವ್ರ ಗಿರ್ಜಾದಾಗ ಯಾರೋ ದೊಡ್ಡವ್ರು ಈಕಿಗೆ ಬೈದಾರಂತ. ನನ್ನ ಸಲುವಾಗಿ ಬೈಸ್ಕೊಂಡ್ಳು. ಆ ದೊಡ್ಡವ್ರಿಗೆ ನನ್ನಂಗ ಕಣ್ಣಿಲ್ಲೇನು?’

‘ಚಾಚಿ, ಸಾಕು ಸುಮ್ಮನಿರು’ ಎಂದಳು ದ್ರೌಪತಿ.

ಜಿಜಾಬಾಯಿಯವರು ಅದೇ ಕಟ್ಟೆಯ ಮೇಲೆ ಕುಳಿತರು. ಅತ್ತರು, ಮುಖ ಮುಚ್ಚಿಕೊಳ್ಳದೆ, ದಾರಿಹೋಕರು ನಿಂತು ನೋಡುವಂತೆ ಅತ್ತರು. ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಯಾರ ಮನೆಯ ದುಃಖವನ್ನಾದರೂ ಗಂಟೆಗಟ್ಟಲೆ ಕೂತು ಕೇಳುವ ತಾನು ಈ ಒಬ್ಬಳನ್ನು ಕೇಳಲಿಲ್ಲ. ಹರಕೆ ಹೊರಲೆಂದೇ ಹೋಗಿದ್ದರೂ, ಯಾವ ಸಂಕಟಕ್ಕೆ ಹೋದೆ ತಾಯಿ ಎಂದು ಕೇಳಬೇಕಾದವಳು ತಾನೇ. ಕಣ್ಣೊರೆಸಿಕೊಂಡು, ‘ದ್ರೌಪತಿ, ನಂದು ತಪ್ಪಾತವ್ವ. ಮಾಫ್ ಮಾಡು’ ಎಂದರು.

ದ್ರೌಪತಿಯ ದನಿ ಏರಲಿಲ್ಲ. ‘ಇಲ್ಲಿ ಯಾಕ ಹೇಳಾಕತ್ತೀರಿ ಬಾಯಾರ? ನೀವು ನನಗ ಅಂದದ್ದು ಮುಡಬ್ಯಾಗೇನು? ಕಲ್ಯಾಣದಾಗ, ಎಲ್ಲಾರ ಮುಂದ ಅಂದೀರಿ. ಹೇಳೂದಿದ್ರ ಅಲ್ಲೇ ಹೇಳ್ರಿ.’ ಅಷ್ಟು ಹೇಳಿ, ಮುನ್ನಿ ಬೀಯ ಕೈಹಿಡಿದು ನಡೆದುಬಿಟ್ಟಳು.

ಅಂದಿನಿಂದ ಹತ್ತು ದಿನ ಜಿಜಾಬಾಯಿಯವರು ತಮ್ಮೊಡನೆ ತಾವೇ ಕಾದಾಡಿದರು. ರವಿವಾರದ ಉಪದೇಶಕ್ಕೆಂದು ಪ್ರಸಂಗವೊಂದನ್ನು ಬರೆದರು. ನಾವೆಲ್ಲರೂ ದೋಷಿಗಳು, ನಾವೆಲ್ಲರೂ ಒಬ್ಬರನ್ನೊಬ್ಬರು ತಪ್ಪಾಗಿ ಅಳೆಯುತ್ತೇವೆ, ನಾವೆಲ್ಲರೂ ಕ್ಷಮೆಗೆ ಪಾತ್ರರಾಗಬೇಕು. ಚೆನ್ನಾಗಿಯೇ ಇತ್ತು, ಓದಿದರೆ ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ಆದರೆ ಆ ‘ನಾವೆಲ್ಲರೂ’ ಎಂಬ ಪದದ ಹಿಂದೆ ತಾವೊಬ್ಬರು ಎಷ್ಟು ಅಚ್ಚುಕಟ್ಟಾಗಿ ಅವಿತು ಕುಳಿತಿದ್ದೇವೆಂಬುದು ಮೂರನೆಯ ಓದಿಗೆ ಅವರಿಗೆ ಕಂಡಿತು. ಹಾಳೆಯನ್ನು ಒಲೆಗೆ ಹಾಕಿದರು. ಒಲೆಯ ಮುಂದೆ ಕೂತಿದ್ದ ಉತ್ತಮ ಏನೆಂದು ಕೇಳಿ, ಎಲ್ಲವನ್ನೂ ತಿಳಿದುಕೊಂಡು, ತನ್ನ ಕಸುಬಿನ ಮಾತಿನಲ್ಲಿ ಹೇಳಿದ: ‘ತಂತಿ ಹರಿದು ಬಿದ್ರ ನಾವು ಮೊದಲ ಕರೆಂಟ್ ಬಂದ್ ಮಾಡ್ತೀವಿ. ಯಾರ ತಪ್ಪು, ಹ್ಯಾಂಗ ಹರೀತು, ಆ ಮಾತು ಆಮ್ಯಾಲೆ. ಅಲ್ಲೀತನ ಮಂದಿ ಸುಡ್ತಿರ್ತಾರ.’

ಸಭೆಯ ಮುಂದೆಯೇ ತಪ್ಪೊಪ್ಪಿಕೊಳ್ಳುವ ವಿಷಯವನ್ನು ಗೋವರ್ಧನ ಮಾಸ್ತರರಿಗೆ ತಿಳಿಸಿದಾಗ ಅವರು ಗಾಬರಿಯಾದರು. ದ್ರೌಪತಿಯ ಮನೆಗೆ ಹೋಗಿ ಸೀರೆ ಉಡಿಸಿ ಸಮಾಧಾನ ಮಾಡಿ ಬನ್ನಿ, ನಾನೂ ಬರುತ್ತೇನೆ ಎಂದರು. ‘ವೇದಿ ಮುಂದ ನಿಂತು ಪಾಸ್ಟರ್ ಆದವ್ರೇ ನಂದು ತಪ್ಪು ಅಂದ್ರ, ಆ ವೇದಿ ಇಜ್ಜತ್ ಏನು ಉಳೀತ್ರಿ? ಅದೂ ಹೆಣ್ಣಮಗಳು ನೀವು. ಹೆಣ್ಣಿನ ಕೈಯಾಗ ಸಭಾ ಕೊಟ್ರ ಹಿಂಗ ಆಗೂದು ಅಂತ ಅನ್ನಾಕ ಮಂದಿ ಕಾಯಾಕತ್ತ್ಯಾರ. ನಿಮ್ಮ ಹಿಂದ ಬರೂ ಹೆಣ್ಮಕ್ಕಳ ದಾರಿಗೂ ಕಲ್ಲು ಬೀಳ್ತದ.’

ಈ ಕೊನೆಯ ಮಾತು ಜಿಜಾಬಾಯಿಯವರನ್ನು ನಿಜವಾಗಿ ತಡೆದು ನಿಲ್ಲಿಸಿತು. ತನ್ನೊಬ್ಬಳ ಮಾನವನ್ನು ಪಣಕ್ಕಿಡಬಹುದು; ಇನ್ನೂ ಬಾರದವರ ಮಾನವನ್ನು ಇಡಬಹುದೇ? ಕೊನೆಗೆ ಹೇಳಿದರು: ‘ಹಿಂದ ಬರಾಕ್ಯಾರು ನನ್ನ ನೋಡಿ ಏನು ಕಲೀಬೇಕ್ರಿ ಮಾಸ್ತರ? ಮುಚ್ಚಿಡೂದು ಕಲೀಲೇನು?’

ಮುಂದಿನ ತಿಂಗಳ ಮೊದಲ ರವಿವಾರ ಸಭೆ ಕಿಕ್ಕಿರಿದಿತ್ತು. ಮಾಸ್ತರರು ನನ್ನನ್ನೂ ಬರಹೇಳಿದ್ದರು. ಒಬ್ಬನೇ ಅದನ್ನು ನೋಡಲಾರೆನೆಂಬ ಅಳುಕು ಅವರಿಗಿದ್ದಿರಬೇಕು. ನಿಲುವಂಗಿ ಕೊಟ್ಟಿದ್ದ ಹುಮನಾಬಾದಿನ ಆ ವೃದ್ಧ ಪಾಲಕರು ವೇದಿಯ ಬಳಿ ಕುಳಿತಿದ್ದರು. ದ್ರೌಪತಿಗೆ ಹೇಳಿಕಳಿಸಲಾಗಿತ್ತು. ಬಂದು, ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕುಳಿತಿದ್ದಳು. ಜಿಜಾಬಾಯಿಯವರು ಪ್ರಸಂಗಪೀಠಕ್ಕೆ ಹತ್ತಲಿಲ್ಲ. ನಿಲುವಂಗಿಯನ್ನೂ ತೊಟ್ಟಿರಲಿಲ್ಲ. ಹತ್ತಿಯ ಸೀರೆಯಲ್ಲಿ, ಕಟಕಟೆಯಿಂದ ಈಚೆಗೆ, ಎಲ್ಲರೂ ನಿಲ್ಲುವ ನೆಲದ ಮೇಲೆ ನಿಂತು ಮಾತಾಡಿದರು.

‘ಹೋದ ತಿಂಗಳ ಇದೇ ಜಾಗಾದಾಗ ದ್ರೌಪತಿಗೆ ನಾ ರೊಟ್ಟಿ ಕೊಡಲಿಲ್ಲ. ಆಕಿ ದರ್ಗಾಕ್ಕ ಹರಕಿ ಹೊರಾಕ ಹೋಗ್ತಾಳ ಅಂದೆ. ಆಕಿ ಹೋಗ್ತಿದ್ದದ್ದು ಕಣ್ಣಿಲ್ಲದ ಒಬ್ಬ ಮುದುಕಿ ಕೈ ಹಿಡಿಯಾಕ. ನಾ ಆಕೀನ ಒಂದು ಮಾತೂ ಕೇಳಲಿಲ್ಲ. ಯಾರು ನನಗ ಹೇಳಿದ್ರು ಅಂಬೂದು ಬ್ಯಾಡ. ಕೇಳಿದ ಕಿವಿ ನಂದು, ಅಂದ ನಾಲಿಗಿ ನಂದು. ನಾ ಮೆದು ಅಂತ ನೀವು ಅಂತಿದ್ರಿ. ಗಟ್ಟಿ ಅಂತ ಅನ್ನಿಸ್ಕೊಳ್ಳಾಕ ನನಗ ಆಸೆ ಆತು. ಗಟ್ಟಿತನ ತೋರಿಸಾಕ ಎಲ್ಲಾರಕಿಂತ ಬಡವೀನ ಆರಿಸ್ಕೊಂಡೆ. ದ್ರೌಪತಿ, ನಿನ್ನ ಮುಂದ, ಇವ್ರೆಲ್ಲರ ಮುಂದ, ದೇವರ ಮುಂದ ನಾ ತಪ್ಪಿತಸ್ಥಳು. ಇವತ್ತ ರೊಟ್ಟಿ ಕೊಡೂ ಯೋಗ್ಯತಾ ನನಗಿಲ್ಲ. ಹುಮನಾಬಾದಿನಿಂದ ಬಂದ ಹಿರಿಯರು ಕೊಡ್ತಾರ. ನಾನೂ ತಗೊಳ್ಳಾಕ ಬಂದೀನಿ.’

ಹೀಗೆಂದು ಕಟಕಟೆಯ ಒಂದು ತುದಿಯಲ್ಲಿ ಮಂಡಿಯೂರಿದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಮಾಸ್ತರರ ತಲೆ ಎದೆಗೆ ತಾಗುವಷ್ಟು ಬಾಗಿತ್ತು. ‘ಯಾರು ನನಗ ಹೇಳಿದ್ರು ಅಂಬೂದು ಬ್ಯಾಡ’ ಎಂಬ ಮಾತು ಬಯ್ಗುಳಕ್ಕಿಂತ ಆಳವಾಗಿ ಅವರನ್ನು ಇರಿದಿತ್ತು. ಕೊನೆಯ ಬೆಂಚಿನಿಂದ ದ್ರೌಪತಿ ಎದ್ದು ಬಂದಳು. ಪಾಲಕಿಯ ಮಗ್ಗುಲಿಗೆ ಬರಲಿಲ್ಲ. ಕಟಕಟೆಯ ಇನ್ನೊಂದು ತುದಿಯಲ್ಲಿ ಮಂಡಿಯೂರಿ ರೊಟ್ಟಿ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಹಾಡಲಿಲ್ಲ.

ಪ್ರಕರಣ ಅಲ್ಲಿಗೆ ನಿಲ್ಲಲಿಲ್ಲ. ಪಾಲಕಿಯು ವೇದಿಯ ಘನತೆಗೆ ಕುಂದು ತಂದಿದ್ದಾರೆ ಎಂದು ಕೆಲವರು ದೂರು ಬರೆದರು. ಜಿಲ್ಲೆಯ ಮೇಲ್ವಿಚಾರಕರು ವಿಚಾರಣೆಗೆ ಬಂದು, ಹಿರಿಯರನ್ನೆಲ್ಲ ಸುತ್ತ ಕೂರಿಸಿಕೊಂಡು, ಇದಕ್ಕೆ ಏನು ಹೇಳುತ್ತೀರೆಂದು ಜಿಜಾಬಾಯಿಯವರನ್ನು ಕೇಳಿದರು.

‘ಖರೇ ಅದ್ರಿ. ಕುಂದು ಬಂದದ್ದು ಆಕಿಗೆ ಇಲ್ಲ ಅಂದ ರವಿವಾರ. ನಾ ತಪ್ಪು ಒಪ್ಪಿದ ರವಿವಾರ ಅಲ್ಲ, ನನಗ ತಿಳಿದಷ್ಟು.’

ಪಾಲಕಿಯ ಮೇಲೆ ಸಭೆಗೆ ಇನ್ನು ಗೌರವ ಉಳಿದಿದೆಯೇ ಎಂದು ಮೇಲ್ವಿಚಾರಕರು ಹಿರಿಯರ ಕಡೆ ತಿರುಗಿದರು. ಗೋವರ್ಧನ ಮಾಸ್ತರರು ಎದ್ದು ನಿಂತರು. ನಿಲ್ಲುವಾಗ ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದರಂತೆ.

‘ನಲವತ್ತು ವರ್ಷ ಸಾಲಿ ಕಲಿಸೀನ್ರಿ. ಹುಡುಗರ ಮುಂದ ಒಂದು ದಿವ್ಸಾನೂ ನಂದು ತಪ್ಪಾತು ಅಂದಿಲ್ಲ. ತಪ್ಪು ಆಗಿಲ್ಲ ಅಂತಲ್ಲ. ಅಂದ್ರ ಮರ್ಯಾದಿ ಹೋಗ್ತದ ಅಂತ. ದ್ರೌಪತಿ ಮಾತು ಬಾಯಾರಿಗೆ ತಂದು ಹೇಳಿದವ ನಾ. ಬಾಯಾರು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ, ಸುಮ್ಮನ ಕುಂತೆ. ಗೌರವ ಯಾರ ಮ್ಯಾಲೆ ಉಳಿದದ, ಯಾರ ಮ್ಯಾಲೆ ಉಳಿದಿಲ್ಲ, ನೀವೇ ಬರಕೊಳ್ರಿ.’

ಮೇಲ್ವಿಚಾರಕರು ಕಡತ ಮಡಚಿಟ್ಟರು. ಜಿಜಾಬಾಯಿಯವರು ಕಲ್ಯಾಣದಲ್ಲೇ ಇನ್ನೂ ಮೂರು ವರ್ಷ ಪಾಲಕಿಯಾಗಿದ್ದರು. ದೂರು ಬರೆದವರು ಯಾರೆಂದು ಅವರಿಗೆ ಗೊತ್ತಿತ್ತು. ಆ ಮನೆಗಳ ಸಾವುನೋವಿಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದರು. ಮಾಸ್ತರರು ಒಂದು ದಿನ ನನ್ನನ್ನು ಕರೆದು, ಐದನೆಯ ಇಯತ್ತೆಯಲ್ಲಿ ಯಾರೋ ಮಾಡಿದ ಗಲಾಟೆಗೆ ನನಗೆ ಬೆತ್ತದ ಏಟು ಬಿದ್ದದ್ದು ತಮಗೆ ಇನ್ನೂ ನೆನಪಿದೆ ಎಂದರು. ನನಗೆ ಮರೆತೇಹೋಗಿತ್ತು. ಎಪ್ಪತ್ತರ ಮುಪ್ಪಿನಲ್ಲಿ ಆ ಮಾತು ಹೇಳುವಾಗ ಅವರ ಮುಖ ಎಷ್ಟು ಎಳೆಯದಾಗಿ ಕಂಡಿತೆಂದರೆ ನಾನು ಬೇರೆ ಕಡೆ ನೋಡಬೇಕಾಯಿತು.

ದ್ರೌಪತಿ ಮಾತ್ರ ಅಷ್ಟು ಸುಲಭವಾಗಿ ಕರಗಲಿಲ್ಲ. ಪ್ರತಿ ರವಿವಾರ ಬರುವಳು, ಕೊನೆಯ ಬೆಂಚಿನಲ್ಲಿ ಕೂರುವಳು, ಹೋಗುವಳು. ಜಿಜಾಬಾಯಿಯವರು ಕ್ಷಮೆಯನ್ನು ಕೇಳಿದ್ದರು; ಅವಸರಪಡಿಸಲಿಲ್ಲ. ನಾಲ್ಕನೆಯ ತಿಂಗಳ ಒಂದು ರವಿವಾರ ದ್ರೌಪತಿ ತನ್ನೊಡನೆ ಮುನ್ನಿ ಬೀಯನ್ನು ಕರೆತಂದು, ಆರಾಧನೆ ಮುಗಿಯುವವರೆಗೆ ಹೊರಗಿನ ಪಡಸಾಲೆಯಲ್ಲಿ ಕೂರಿಸಿದಳು. ಮರಳಿ ಹೋಗುವಾಗ ಮುದುಕಿಯ ಕಣ್ಣುಗಳನ್ನು ಡಾಕ್ಟರರಿಗೆ ತೋರಿಸುವುದಿತ್ತಂತೆ. ಜಿಜಾಬಾಯಿಯವರು ಹೊರಬಂದು ಮುದುಕಿಯ ಪಕ್ಕದಲ್ಲಿ ನೆಲಕ್ಕೇ ಕುಳಿತರು. ಮುನ್ನಿ ಬೀ ಕೈಚಾಚಿ ಅವರ ಗಲ್ಲ, ಮೂಗು, ಹಣೆ ಮುಟ್ಟಿ ನೋಡಿದಳು.

‘ಅವತ್ತ ದರ್ಗಾದ ಹತ್ರ ಅತ್ತಾಕಿ ನೀನ ಅಲ್ಲೇನು ಬೇಟಿ? ಯಾರು ನೀನು?’

ಜಿಜಾಬಾಯಿಯವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದ್ರೌಪತಿ ಹೇಳಿದಳು: ‘ಇವ್ರು ನಮ್ಮ ಬಾಯಾರು, ಚಾಚಿ.’

ಆ ‘ನಮ್ಮ’ ಎಂಬ ಎರಡು ಅಕ್ಷರಗಳನ್ನು ಕೇಳಿದಾಗ ತಮಗೆ ಎರಡನೆಯ ಸಲ ಪಾಲಕಿಯ ದೀಕ್ಷೆ ಸಿಕ್ಕಂತಾಯಿತು ಎಂದು ಜಿಜಾಬಾಯಿಯವರು ಹೇಳುತ್ತಾರೆ. ಮುಂದಿನ ವಾರ ದ್ರೌಪತಿ ಶ್ರುತಿ ಎತ್ತಿದಳು.

ಈಗ ಜಿಜಾಬಾಯಿಯವರು ಮತ್ತೆ ಹುಮನಾಬಾದಿನಲ್ಲಿದ್ದಾರೆ. ಅವರ ನಂತರ ಕಲ್ಯಾಣದ ಸಭೆಗೆ ಬಂದವರೂ ಹೆಣ್ಣುಮಗಳೇ. ಹಿರಿಯರು ತಾವಾಗಿ ಕೇಳಿ ಕರೆಸಿಕೊಂಡರು.

ದೇವರ ಹೆಸರಿನಲ್ಲಿ ಮಾತಾಡುವ ಅಧಿಕಾರ ಕೈಗೆ ಬಂದ ಮನುಷ್ಯನಿಗೆ ತನ್ನ ಮಾತೇ ದೇವರ ಮಾತೆಂದು ಭ್ರಮೆ ಹುಟ್ಟಲು ಒಂದು ಮೆಚ್ಚುಗೆಯ ನುಡಿ ಸಾಕು. ಆ ಭ್ರಮೆ ಹರಿದಾಗ ಬಹಳ ಮಂದಿ ಮೌನದ ಹಿಂದೆ ಸರಿಯುತ್ತಾರೆ, ಇಲ್ಲವೇ ಇನ್ನೂ ಗಟ್ಟಿಯಾಗಿ ಕೂಗುತ್ತಾರೆ. ತಾವು ನೋಯಿಸಿದ ಜೀವವನ್ನು ಹೆಸರು ಹಿಡಿದು ಕರೆದು, ನೋಯಿಸಿದ ಜಾಗದಲ್ಲೇ, ನೋಡಿದವರೆಲ್ಲರ ಎದುರಿಗೇ ‘ನಂದು ತಪ್ಪು’ ಎನ್ನಬಲ್ಲವರು ಯಾವ ಮತದಲ್ಲೂ, ಯಾವ ಪೀಠದಲ್ಲೂ ವಿರಳ. ಅವರನ್ನು ಸಾಧುಗಳೆಂದು ಕರೆದು ಪಕ್ಕಕ್ಕಿಡುವುದು ಸುಲಭ. ನನಗೆ ಅವರು ಧೀರರಾಗಿ ಕಾಣುತ್ತಾರೆ. ಇಂಥವರೊಬ್ಬರು ನೆಲಕ್ಕೆ ಮಂಡಿಯೂರಿದಾಗ ಅವರ ಸುತ್ತ ನಿಂತ ಊರು ಒಂದು ಮೊಳ ಎತ್ತರವಾಗುತ್ತದೆ.